ಹೆಚ್ಚು ಉಂಡದ್ದು ಎಲ್ಲಿ ಹೋಯಿತು?

ಮದುವೆಯೂಟ ಮುಗಿಸಿ ಬಂದ ಮರುದಿನ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತು ನೋಡಿದ್ದೀರಾ? ಮುಳ್ಳು ಹಿಂದಿನ ದಿನಕ್ಕಿಂತ ಒಂದು, ಒಂದೂವರೆ ಕೆ.ಜಿ. ಮುಂದೆ ಸರಿದಿರುವುದುಂಟು. ಒಂದೇ ದಿನದಲ್ಲಿ ಇಷ್ಟು ಕೊಬ್ಬು ಬೆಳೆಯಿತೇ ಎಂದು ಗಾಬರಿಯಾಗುವ ಮೊದಲು ಪುಟ್ಟ ಲೆಕ್ಕವೊಂದನ್ನು ಮಾಡಿ. ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕಿಲೊಕ್ಯಾಲೊರಿ. ನೀವು ಅಗತ್ಯಕ್ಕಿಂತ 2,000 ಕಿಲೊಕ್ಯಾಲೊರಿ ಹೆಚ್ಚು ಉಂಡು, ಅದಷ್ಟೂ ಕೊಬ್ಬಾಗಿ ಪರಿವರ್ತನೆಯಾಯಿತೆಂದರೂ 260 ಗ್ರಾಂ ಮಾತ್ರ! ಉಳಿದ ತೂಕವೆಲ್ಲ ಕರುಳಿನಲ್ಲಿ ಇನ್ನೂ ಸಾಗುತ್ತಿರುವ ಆಹಾರ, ಉಪ್ಪು ಹಿಡಿದಿಟ್ಟುಕೊಂಡ ನೀರು ಮತ್ತು ಯಕೃತ್ತು, ಸ್ನಾಯುಗಳಲ್ಲಿ ಸಂಗ್ರಹವಾಗುವ ಗ್ಲೈಕೊಜನ್. ಪ್ರತಿ ಗ್ರಾಂ ಗ್ಲೈಕೊಜನ್ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನೂ ಇರಿಸಿಕೊಳ್ಳುತ್ತದೆ.

ತಿಂದದ್ದು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯನ್ನು ತಕ್ಕಡಿಯಿಂದಲೇ ಕೇಳಿದವನು ಇಟಲಿಯ ವೈದ್ಯ ಸಾಂಟೋರಿಯೊ (1561-1636). ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕುಳಿತು ತನ್ನ ತೂಕ, ತಿಂದ ಅನ್ನಪಾನ, ಹೊರಹೋದ ಮಲಮೂತ್ರ ಎಲ್ಲವನ್ನೂ ವರ್ಷಗಟ್ಟಲೆ ತೂಗಿದ. 1614ರಲ್ಲಿ ಪ್ರಕಟವಾದ ಅವನ ಪುಸ್ತಕದ ಪ್ರಕಾರ, ದಿನಕ್ಕೆ 8 ಪೌಂಡ್ ಆಹಾರ-ಪಾನೀಯ ಒಳಹೋದರೆ ಅದರಲ್ಲಿ ಸುಮಾರು 5 ಪೌಂಡ್ ಕಣ್ಣಿಗೆ ಕಾಣದಂತೆ ಆವಿಯಾಗಿ ಹೋಗುತ್ತಿತ್ತು. ಕಾರಣ ಅವನಿಗೆ ತಿಳಿಯುವಂತಿರಲಿಲ್ಲ. ಉಸಿರಾಟವೂ ಒಂದು ಬಗೆಯ ದಹನವೇ ಎಂದು ಲವಾಸಿಯೆ ತೋರಿಸಿಕೊಡಲು 1780ರ ದಶಕ ಬರಬೇಕಾಯಿತು.

ಮುಂದೆ ಕ್ಯಾಲೊರಿಯ ಲೆಕ್ಕ ಬಂದಿತು. ಲೆಕ್ಕ ಬಂದ ಮೇಲೆ ತೊಡಕೂ ಬಂದಿತು. 1902ರಲ್ಲಿ ಜರ್ಮನಿಯ ನ್ಯೂಮನ್ ಎಂಬ ವೈದ್ಯ ತನ್ನ ಮೇಲೆಯೇ ನಡೆಸಿಕೊಂಡ ದೀರ್ಘ ಪ್ರಯೋಗದ ವರದಿ ನೀಡಿದ. ಆಹಾರದ ಪ್ರಮಾಣವನ್ನು ಸಾಕಷ್ಟು ಏರಿಸಿದರೂ ತೂಕ ಅದಕ್ಕೆ ತಕ್ಕಂತೆ ಏರಿರಲಿಲ್ಲ. ಹೆಚ್ಚಿನದನ್ನು ದೇಹ ಸುಮ್ಮನೆ ಉರಿಸಿಬಿಡುತ್ತದೆಯೇ? ಒಬ್ಬನ ಮೇಲಿನ ಪ್ರಯೋಗದಿಂದ ಇದನ್ನು ತೀರ್ಮಾನಿಸುವಂತಿರಲಿಲ್ಲ. ವಾದ ದಶಕಗಳ ಕಾಲ ನಡೆಯಿತು.

1960ರ ದಶಕದಲ್ಲಿ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಈಥನ್ ಸಿಮ್ಸ್ ಇದನ್ನು ಕೈಗೆತ್ತಿಕೊಂಡರು. ತೆಳ್ಳಗಿನವರನ್ನು ಬೇಕೆಂದೇ ದಪ್ಪಗಾಗಿಸಿ ನೋಡುವುದು ಅವರ ಯೋಜನೆ. ಮೊದಲು ವಿದ್ಯಾರ್ಥಿಗಳಿಗೆ ತಿನ್ನಿಸಿದರು. ಬಯಸಿದಷ್ಟು ತೂಕ ಅವರಲ್ಲಿ ಏರಲೇ ಇಲ್ಲ. ಆಗ ಸಿಮ್ಸ್ ವರ್ಮಾಂಟ್ ರಾಜ್ಯದ ಸೆರೆಮನೆಗೆ ಹೋದರು. ಅಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳು ತಿಂಗಳುಗಟ್ಟಲೆ ಉಂಡರು. ತಮ್ಮ ತೂಕವನ್ನು 20-25% ಏರಿಸಿಕೊಳ್ಳುವುದು ಗುರಿ. ಕೆಲವರಿಗೆ ಇದು ಸುಲಭವಾಗಿರಲಿಲ್ಲ. ದಿನಕ್ಕೆ 10,000 ಕಿಲೊಕ್ಯಾಲೊರಿಯವರೆಗೆ ತಿನ್ನಬೇಕಾದವರೂ ಇದ್ದರು. ನಮ್ಮಂಥವರು ಒಂದು ದಿನಕ್ಕೆ ಉಣ್ಣುವುದರ ನಾಲ್ಕೈದು ಪಟ್ಟು! ಕೊಬ್ಬಿನ ಕೋಶಗಳನ್ನು ಪರೀಕ್ಷಿಸಿದಾಗ ಅವುಗಳ ಸಂಖ್ಯೆ ಹೆಚ್ಚಿರಲಿಲ್ಲ, ಇದ್ದ ಕೋಶಗಳೇ ಉಬ್ಬಿದ್ದವು. ಪ್ರಯೋಗ ಮುಗಿದ ಮೇಲೆ ಬಹುತೇಕರು ಮೊದಲಿನ ತೂಕದ ಹತ್ತಿರಕ್ಕೆ ಮರಳಿದರು.

ಇಲ್ಲಿ ಒಂದು ಮಾತು. ಗೋಡೆಯೊಳಗಿರುವ ಕೈದಿಯ 'ಸ್ವಇಚ್ಛೆ' ಎಷ್ಟು ಸ್ವತಂತ್ರ? ಈ ಪ್ರಯೋಗವನ್ನು ತರಗತಿಯಲ್ಲಿ ವಿವರಿಸುವಾಗ ಈ ಪ್ರಶ್ನೆಯನ್ನು ಬಿಟ್ಟುಬಿಡಬಾರದು ಎಂದು ನನ್ನ ಅನಿಸಿಕೆ. 1970ರ ದಶಕದಲ್ಲಿ ಅಮೆರಿಕದಲ್ಲೇ ಕೈದಿಗಳ ಮೇಲಿನ ಸಂಶೋಧನೆಗೆ ಕಟ್ಟುನಿಟ್ಟಿನ ನಿಯಮಗಳು ಬಂದವು.

ಒಬ್ಬನಿಗೆ ಸುಲಭವಾದದ್ದು ಇನ್ನೊಬ್ಬನಿಗೆ ಏಕೆ ಕಷ್ಟ? ಕೆನಡಾದ ಕ್ಲಾಡ್ ಬುಶಾರ್ ತಂಡ 12 ಜೋಡಿ ತದ್ರೂಪಿ ಅವಳಿ ಯುವಕರನ್ನು ಆರಿಸಿಕೊಂಡಿತು. ವಾರಕ್ಕೆ ಆರು ದಿನದಂತೆ 84 ದಿನ, ದಿನಕ್ಕೆ 1,000 ಕಿಲೊಕ್ಯಾಲೊರಿ ಹೆಚ್ಚುವರಿ ಆಹಾರ. ಒಟ್ಟು 84,000. ನಮ್ಮ ಮೊದಲಿನ ಲೆಕ್ಕದಂತೆ ಪ್ರತಿಯೊಬ್ಬನಿಗೂ ಸುಮಾರು 11 ಕೆ.ಜಿ. ಕೊಬ್ಬು ಸೇರಬೇಕಿತ್ತು. ಆದದ್ದೇನು? ಸರಾಸರಿ ತೂಕ ಏರಿದ್ದು 8.1 ಕೆ.ಜಿ. ಒಬ್ಬನಿಗೆ 4.3 ಕೆ.ಜಿ. ಮಾತ್ರ, ಇನ್ನೊಬ್ಬನಿಗೆ 13.3 ಕೆ.ಜಿ.! ಆದರೆ ಅವಳಿ ಸೋದರರು ಬಹುಮಟ್ಟಿಗೆ ಒಬ್ಬರಂತೆ ಒಬ್ಬರು ಬೆಳೆದಿದ್ದರು. ಜೋಡಿ-ಜೋಡಿಗಳ ನಡುವಿನ ವ್ಯತ್ಯಾಸ ಜೋಡಿಯೊಳಗಿನದಕ್ಕಿಂತ ಸುಮಾರು ಮೂರು ಪಟ್ಟು. 1990ರಲ್ಲಿ ಈ ವರದಿ ಪ್ರಕಟವಾದಾಗ ಅನುವಂಶೀಯತೆಯ ಪಾತ್ರವನ್ನು ಅಲ್ಲಗಳೆಯುವುದು ಕಷ್ಟವಾಯಿತು. ದಪ್ಪಗಿರುವ ಹುಡುಗನನ್ನು 'ಹೊಟ್ಟೆಬಾಕ' ಎಂದು ಕರೆಯುವ ಮೇಷ್ಟ್ರಿಗೆ ಈ ಅಂಕಿಗಳನ್ನು ತೋರಿಸಬೇಕು.

ಹಾಗಾದರೆ ಕೊಬ್ಬಾಗದೆ ಉಳಿದ ಶಕ್ತಿ ಹೋದದ್ದೆಲ್ಲಿಗೆ? ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 1999ರಲ್ಲಿ ಒಂದು ಉತ್ತರ ಕೊಟ್ಟರು. 16 ಮಂದಿ ಎಂಟು ವಾರ ದಿನಕ್ಕೆ 1,000 ಕಿಲೊಕ್ಯಾಲೊರಿ ಹೆಚ್ಚು ಉಂಡರು. ಸೇರಿದ ಕೊಬ್ಬು 0.36 ಕೆ.ಜಿ.ಯಿಂದ 4.23 ಕೆ.ಜಿ.ವರೆಗೆ. ಯಾರೂ ಹೆಚ್ಚಾಗಿ ವ್ಯಾಯಾಮ ಮಾಡುವಂತಿರಲಿಲ್ಲ. ವ್ಯತ್ಯಾಸ ಇದ್ದದ್ದು ನಾವು ಗಮನಿಸದ ಚಟುವಟಿಕೆಗಳಲ್ಲಿ: ಕುಳಿತಲ್ಲೇ ಮಿಸುಕಾಡುವುದು, ಎದ್ದು ಓಡಾಡುವುದು, ನೆಟ್ಟಗೆ ನಿಲ್ಲುವುದು. ಇಂಥವುಗಳಿಗೆ ಒಬ್ಬ ದಿನಕ್ಕೆ 692 ಕಿಲೊಕ್ಯಾಲೊರಿ ಹೆಚ್ಚುವರಿಯಾಗಿ ಖರ್ಚು ಮಾಡಿದ್ದ, ತನಗೇ ತಿಳಿಯದೆ. ಇನ್ನೊಬ್ಬನ ಖರ್ಚು ಹೆಚ್ಚಾಗುವ ಬದಲು 98 ಕಿಲೊಕ್ಯಾಲೊರಿ ಕಡಿಮೆಯಾಗಿತ್ತು.