ಬುಧಿ ಕುಂದರನ್: ಮೂಲ್ಕಿಯಿಂದ ಬಂದ ವಿಕೆಟ್ ಕೀಪರ್

ಗ್ರಾಂಟ್ ರೋಡಿನಲ್ಲಿ ಲೋಕಲ್ ಹತ್ತಿ ಚರ್ಚ್‌ಗೇಟ್ ಕಡೆಗೆ ಹೊರಟರೆ, ಚರ್ನಿ ರೋಡ್ ದಾಟಿದ ಬಳಿಕ ಬಲಬದಿಗೆ ಜಿಮಖಾನಾಗಳ ಮೈದಾನಗಳು ಕಾಣಿಸುತ್ತವೆ. ಚರ್ಚ್‌ಗೇಟಿನಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಬ್ರೆಬೋರ್ನ್ ಕ್ರೀಡಾಂಗಣ. 1960ರ ಜನವರಿಯಲ್ಲಿ ಇಲ್ಲಿಯೇ ನಮ್ಮ ಕರಾವಳಿಯ ತರುಣರೊಬ್ಬರು ಆಸ್ಟ್ರೇಲಿಯದ ವಿರುದ್ಧ ಭಾರತದ ವಿಕೆಟ್ ಕೀಪರರಾಗಿ ಮೊದಲ ಟೆಸ್ಟ್ ಆಡಿದರು. ಅವರೇ ಬುಧಿಸಾಗರ ಕೃಷ್ಣಪ್ಪ ಕುಂದರನ್.

1939ರ ಅಕ್ಟೋಬರ್ 2ರಂದು ಮೂಲ್ಕಿಯಲ್ಲಿ ಜನಿಸಿದ ಕುಂದರನ್ ಓದಿದ್ದು ಮುಂಬಯಿಯ ಭರ್ಡಾ ಹೈಸ್ಕೂಲಿನಲ್ಲಿ. ಮಗ ಕ್ರಿಕೆಟ್ ಆಡುವುದು ತಂದೆಗೆ ಒಪ್ಪಿಗೆಯಿರಲಿಲ್ಲ. ಶಾಲಾ ತಂಡಕ್ಕೆ ಆಯ್ಕೆಯಾದಾಗ ತಾಯಿಯು ತಂದೆಯ ಬಟ್ಟೆಗಳನ್ನೇ ತಿದ್ದಿಸಿ ಆಟದ ಉಡುಪನ್ನು ಹೊಂದಿಸಿಕೊಟ್ಟರು. ಟೆಸ್ಟ್ ತಂಡದ ಕರೆ ಬಂದಾಗಲೂ ಸ್ವಂತ ಕೈಗವಸುಗಳಿರಲಿಲ್ಲ. ಹಿರಿಯ ಕೀಪರ್ ನರೇನ್ ತಮ್ಹಾಣೆಯವರಿಂದ ಎರವಲು ಪಡೆದು ಕಣಕ್ಕಿಳಿದರು.

ಆಗ ಅವರು ಒಂದೇ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಮದ್ರಾಸಿನ ಮುಂದಿನ ಟೆಸ್ಟ್‌ನಲ್ಲಿ ಆರಂಭಿಕರಾಗಿ 71 ಓಟಗಳನ್ನು ಗಳಿಸಿದರು. ಆ ಬಳಿಕ ರೈಲ್ವೇಸ್ ಪರ ಆಡಿದ ಪ್ರಥಮ ರಣಜಿ ಪಂದ್ಯದಲ್ಲಿ 205 ಹೊಡೆದರು. ಮುಂದೆ ಮೈಸೂರು ತಂಡದ ಪರವಾಗಿಯೂ ಆಡಿದರು.

ಅವರ ವೃತ್ತಿಜೀವನದ ಶಿಖರ 1964ರ ಇಂಗ್ಲೆಂಡ್ ಸರಣಿ. ಮದ್ರಾಸಿನಲ್ಲಿ ಮೊದಲ ದಿನದಾಟ ಮುಗಿದಾಗ ಅವರು 170 ಗಳಿಸಿ ಅಜೇಯರಾಗಿದ್ದರು. ಮರುದಿನ 31 ಬೌಂಡರಿಗಳ ಸಹಿತ 192ಕ್ಕೆ ಔಟಾದರು. ದೆಹಲಿಯಲ್ಲಿ ಮತ್ತೊಂದು ಶತಕ ಬಾರಿಸಿ ಸರಣಿಯಲ್ಲಿ ಒಟ್ಟು 525 ಓಟಗಳನ್ನು ಕಲೆಹಾಕಿದರು. ಟೆಸ್ಟ್ ಇನಿಂಗ್ಸ್ ಒಂದರಲ್ಲಿ ಭಾರತೀಯ ವಿಕೆಟ್ ಕೀಪರೊಬ್ಬರ ಗರಿಷ್ಠ ಗಳಿಕೆಯೆಂಬ ಆ 192ರ ದಾಖಲೆ, 2013ರಲ್ಲಿ ಚೆನ್ನೈಯಲ್ಲಿಯೇ ಧೋನಿ 224 ಹೊಡೆಯುವವರೆಗೆ 49 ವರ್ಷ ಉಳಿಯಿತು.

ಇಷ್ಟು ಸಾಧಿಸಿದರೂ ತಂಡದಲ್ಲಿ ಅವರ ಸ್ಥಾನ ಭದ್ರವಾಗಲಿಲ್ಲವೆಂಬುದು ನಮಗೆ ಇಂದಿಗೂ ವಿಷಾದದ ಸಂಗತಿ. ಅದೇ ವರ್ಷ ಆಸ್ಟ್ರೇಲಿಯ ಬಂದಾಗ ಇಂದ್ರಜಿತ್‌ಸಿಂಹಜಿಯವರು ಕೀಪಿಂಗ್ ಮಾಡಿದರು. ಬಳಿಕ ಫಾರೂಕ್ ಇಂಜಿನಿಯರ್ ಮರಳಿದರು. 1966ರ ಡಿಸೆಂಬರಿನಲ್ಲಿ ಬ್ರೆಬೋರ್ನ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಕುಂದರನ್ ಬಿರುಸಿನ 79 ಗಳಿಸಿದ್ದರು. ಮದ್ರಾಸಿನ ಮೂರನೆಯ ಟೆಸ್ಟ್‌ಗೆ ಸ್ಥಾನ ದೊರೆಯಲಿಲ್ಲ. 1967ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಭಾರತ ನಾಲ್ವರು ಸ್ಪಿನ್ನರರನ್ನು ಆಡಿಸಿದಾಗ, ಹೊಸ ಚೆಂಡಿನಿಂದ ಬೌಲಿಂಗ್ ಆರಂಭಿಸಿದವರಲ್ಲಿ ಕೀಪರ್ ಕುಂದರನ್ ಒಬ್ಬರು! ಅದೇ ಅವರ ಕೊನೆಯ ಟೆಸ್ಟ್. ಒಟ್ಟು 18 ಟೆಸ್ಟ್, 981 ಓಟ, 2 ಶತಕ, 23 ಕ್ಯಾಚ್, 7 ಸ್ಟಂಪಿಂಗ್.

ಅನಂತರ ಸ್ಕಾಟ್ಲೆಂಡಿನಲ್ಲಿ ನೆಲೆಸಿ ಡ್ರಂಪೆಲಿಯರ್ ಕ್ಲಬ್ಬಿಗೆ ಆಡಿದರು. ಸ್ಕಾಟ್ಲೆಂಡ್ ತಂಡವನ್ನೂ ಪ್ರತಿನಿಧಿಸಿದರು. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ನಿಧನರಾದರು. ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯುವ ನಮ್ಮ ಕುಟುಂಬಗಳು, ತಂದೆಯ ಬಟ್ಟೆ ತೊಟ್ಟು ಆಡಲು ಹೋದ ಈ ಮೂಲ್ಕಿಯ ಹುಡುಗನ ಕಥೆಯನ್ನೂ ಅವರಿಗೆ ಹೇಳಬೇಕೆಂಬುದು ನಮ್ಮ ಆಶಯ.