ಬ್ರಷ್ ತಲುಪದ ಸಂದು

2016ರಲ್ಲಿ ಅಮೆರಿಕದ ಸುದ್ದಿಸಂಸ್ಥೆಯೊಂದು ಫ್ಲಾಸ್ ದಾರದ ಪ್ರಯೋಜನಕ್ಕೆ ಗಟ್ಟಿ ಪುರಾವೆ ಇಲ್ಲವೆಂದು ವರದಿ ಮಾಡಿದ್ದೇ ತಡ, ಹಲ್ಲುಸಂದಿಗೆ ದಾರ ಹಾಕುವುದೇ ದಂಡ ಎಂಬ ಮಾತು ಹಬ್ಬಿತು. ಪುರಾವೆ ತೆಳುವಾಗಿರುವುದು ಬೇರೆ, ಪ್ರಯೋಜನವೇ ಇಲ್ಲದಿರುವುದು ಬೇರೆ. ದಂತಶಾಸ್ತ್ರ ಬೆಳೆದು ಬಂದ ದಾರಿ ಬಲ್ಲವರಿಗೆ ಆ ವ್ಯತ್ಯಾಸ ಸಣ್ಣದಲ್ಲ.

ಹಲ್ಲಿನ ಬಿಳಿ ಪಾಚಿಯಲ್ಲಿ ಜೀವಿಗಳು ಹರಿದಾಡುವುದನ್ನು ಡಚ್ಚರ ಲೇವನ್‌ಹುಕ್ 1683ರಲ್ಲೇ ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಿದ್ದರು. 1819ರಲ್ಲಿ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಪಾರ್ಮ್ಲಿ ಮೇಣ ಸವರಿದ ರೇಷ್ಮೆ ದಾರವನ್ನು ಶಿಫಾರಸು ಮಾಡಿದರು. ಬಾಯಿಯ ಬ್ಯಾಕ್ಟೀರಿಯಾ ಹಿಟ್ಟು-ಸಕ್ಕರೆಯನ್ನು ಆಮ್ಲ ಮಾಡುವುದರಿಂದಲೇ ಹಲ್ಲು ಹುಳುಕಾಗುತ್ತದೆಂದು 1890ರಲ್ಲಿ ದಂತವೈದ್ಯ ಮಿಲ್ಲರ್ ವಿವರಿಸಿದರು. 1938ಕ್ಕೆ ನೈಲಾನ್ ಬ್ರಷ್ ಬಂತು. ನಮ್ಮಲ್ಲಿ ಬೇವಿನ ಕಡ್ಡಿ, ಇದ್ದಿಲು-ಉಪ್ಪು, ನಂಜನಗೂಡು ಹಲ್ಲುಪುಡಿ. ಈ ಬ್ರಷ್, ಕಡ್ಡಿ, ಪುಡಿಗಳೆಲ್ಲ ಹಲ್ಲಿನ ಮುಖವನ್ನು ಉಜ್ಜಿದವು, ಸಂದು ಹಾಗೇ ಉಳಿಯಿತು.

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ದಂತವೈದ್ಯಕೀಯ ಓದಿದವರ ಕಣ್ಣು ತೆರೆಸಿದ್ದು ಸಂಶೋಧಕ ಹರಾಲ್ಡ್ ಲೋ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಅವರ ತಂಡ ವಸಡು ಆರೋಗ್ಯವಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿತು. 10ರಿಂದ 21 ದಿನಗಳೊಳಗೆ ಹನ್ನೆರಡೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ವಾಸಿಯಾಯಿತು. 1965ರಲ್ಲಿ ಪ್ರಕಟವಾದ ಈ ಪ್ರಯೋಗದಷ್ಟು ಸರಳವೂ ನಿರ್ಣಾಯಕವೂ ಆದದ್ದು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಅದೇ ಲೋ ಶ್ರೀಲಂಕಾದ ಚಹಾತೋಟಗಳಿಗೂ ಬಂದರು. ಹಲ್ಲಿನ ಆರೈಕೆಯನ್ನೇ ಕಾಣದ 480 ಕಾರ್ಮಿಕರನ್ನು 15 ವರ್ಷ ಹಿಂಬಾಲಿಸಿ 1986ರಲ್ಲಿ ಫಲಿತಾಂಶ ಕೊಟ್ಟರು. ಶೇ. 8 ಮಂದಿಯಲ್ಲಿ ಹಲ್ಲಿನ ಆಧಾರ ಬೇಗ ಸವೆದಿತ್ತು, ಶೇ. 81 ಮಂದಿಯಲ್ಲಿ ಮಧ್ಯಮ ವೇಗದಲ್ಲಿ. ಉಳಿದ ಶೇ. 11 ಮಂದಿಗೆ ರೋಗ ವಸಡಿನ ಊತದಾಚೆಗೆ ಹೋಗಿರಲೇ ಇಲ್ಲ. ‘ನಮ್ಮಜ್ಜಿ ಬ್ರಷ್ ಮುಟ್ಟದೆಯೇ ಎಂಬತ್ತರಲ್ಲೂ ಹುರಿಗಡಲೆ ಕಡಿಯುತ್ತಿದ್ದರು’ ಎನ್ನುವವರು ನೆನೆಯುವುದು ಅಂಥ ಶೇ. 11 ಮಂದಿಯಲ್ಲಿ ಒಬ್ಬರನ್ನು.

ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ ಆಕ್ಸೆಲ್ಸನ್ ಮತ್ತು ಲಿಂಡೆ ಇದರ ಇನ್ನೊಂದು ಮಗ್ಗುಲು ತೋರಿಸಿದರು. ಸಂದು ಸೇರಿ ಹಲ್ಲಿನ ಎಲ್ಲ ಬದಿ ಶುಚಿಮಾಡುವುದನ್ನು ತಮ್ಮಲ್ಲಿಗೆ ಬಂದ ಒಬ್ಬೊಬ್ಬರಿಗೂ ಕೈಹಿಡಿದು ಕಲಿಸಿ, ಮತ್ತೆ ಮತ್ತೆ ಕರೆಸಿ ನೋಡಿದರು. 30 ವರ್ಷವಾದರೂ ಅವರಲ್ಲಿ ಯಾವ ವಯೋಗುಂಪೂ ಸರಾಸರಿ ಎರಡು ಹಲ್ಲನ್ನೂ ಕಳೆದುಕೊಂಡಿರಲಿಲ್ಲ.

ಫ್ಲಾಸ್ ವಿವಾದದ ಗಂಟು ಇರುವುದು ಈ ಕಲಿಕೆಯಲ್ಲೇ. ಹಳೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಸಂಶೋಧಕ ಹ್ಯೂಜೋಯಲ್ ಅವರ ತಂಡ 2006ರಲ್ಲಿ ಕಂಡದ್ದಿದು: ತರಬೇತಾದವರು ಶಾಲೆಯಿದ್ದ ದಿನಗಳಲ್ಲಿ ಮಕ್ಕಳಿಗೆ ದಾರ ಹಾಕಿದಾಗ ಸಂದಿನ ಹುಳುಕಿನ ಅಪಾಯ ಶೇ. 40ರಷ್ಟು ಇಳಿಯಿತು, ಚಿಕ್ಕ ಹರೆಯದವರು ತಾವೇ ಹಾಕಿಕೊಂಡಾಗ ಇಳಿಯಲಿಲ್ಲ. ದಾರ ಅದೇ, ಕೈ ಬೇರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ಸಮೀಕ್ಷೆಯೂ ಬ್ರಷ್ ಜೊತೆ ದಾರ ಬಳಸಿದರೆ ವಸಡಿನ ಊತ ತಗ್ಗಬಹುದು, ಸಂದುಬ್ರಷ್ ಇನ್ನೂ ಮೇಲಾಗಿರಬಹುದು ಎಂದಿತು. ಪುರಾವೆಯ ಖಚಿತತೆ ಕಡಿಮೆ ಎಂದೂ ಒಪ್ಪಿತು. ಹೆಚ್ಚಿನ ಪ್ರಯೋಗಗಳು ಕೆಲವು ವಾರ, ತಿಂಗಳುಗಳಲ್ಲೇ ಮುಗಿದಿದ್ದವು. ಹಲ್ಲುಸಂದಿನ ಹುಳುಕು ಕೊರೆಯಲು ವರ್ಷಗಳೇ ಬೇಕು.

ಫ್ಲೋರೈಡ್ ಪೇಸ್ಟಿನಲ್ಲಿ ದಿನಕ್ಕೆರಡು ಸಲ, ಎರಡೆರಡು ನಿಮಿಷ ಉಜ್ಜಬೇಕು ಎಂಬ ಪಾಠ ಜಾಹೀರಾತಿನಲ್ಲಾದರೂ ನಮಗೆ ತಲುಪಿದೆ. ಫ್ಲಾಸ್‌ಗೆ ಬಾಯಲ್ಲಿ ಓಡಾಡುವ ಕನ್ನಡ ಹೆಸರೇ ಹುಟ್ಟಿಲ್ಲ. ಸಂದಿನಲ್ಲಿ ಅಡಕೆಯ ಚೂರು ಸಿಕ್ಕಿಕೊಂಡರೆ ಕೈ ಹೋಗುವುದು ಪಿನ್ನಿಗೆ, ಬೆಂಕಿಕಡ್ಡಿಗೆ. ಮೊಳದುದ್ದ ದಾರವನ್ನು ಎರಡು ಬೆರಳಿಗೆ ಸುತ್ತಿ, ಒಂದೊಂದು ಹಲ್ಲಿನ ಮೈಗೂ ಬಳಸಿ, ವಸಡಿನಂಚಿನ ಒಳಕ್ಕೆ ಮೆಲ್ಲನೆ ಇಳಿಸುವುದನ್ನು ಕನ್ನಡಿಯ ಮುಂದೆ ಕಲಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ನಮ್ಮ ಶಾಲೆಯಲ್ಲಿ ಯಾರ ಕೆಲಸ, ಆಸ್ಪತ್ರೆಯಲ್ಲಿ ಯಾರ ಕೆಲಸ ಎಂಬುದು ಇನ್ನೂ ನಿರ್ಧಾರವಾಗಬೇಕಿದೆ.