ಊಟದ ಮೇಜಿನಿಂದ ಯುದ್ಧರಂಗಕ್ಕೆ

ವಿಜ್ಞಾನಿಯ ಹೊಣೆ ಪ್ರಯೋಗಾಲಯದ ಹೊಸ್ತಿಲಲ್ಲೇ ಮುಗಿಯುತ್ತದೆಯೇ? ತಾನು ಕಂಡುಹಿಡಿದದ್ದು ಯಾರ ಕೈ ಸೇರಿತು, ಅದರಿಂದ ಯಾರ ಹೊಟ್ಟೆ ತುಂಬಿತು, ಯಾರ ಮನೆ ಉರುಳಿತು ಎಂದು ಕೇಳುವುದೂ ಅವನ ಕರ್ತವ್ಯವೇ? 1930ರ ದಶಕದಲ್ಲಿ ಲಂಡನ್ನಿನ ಹೋಟೆಲುಗಳಲ್ಲಿ ಆಗಾಗ ಊಟಕ್ಕೆ ಸೇರುತ್ತಿದ್ದ ಒಂದು ಪುಟ್ಟ ಬಳಗ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡಿತ್ತು. ಮುಂದೆ ಅದೇ ಪ್ರಶ್ನೆ ಆ ಬಳಗದ ಸದಸ್ಯರನ್ನೇ ಎದುರಿಸಿ ನಿಂತಿತು.

ಬಳಗದ ಹೆಸರು 'ಟಾಟ್ಸ್ ಅಂಡ್ ಕ್ವಾಟ್ಸ್'. ಜನ ಎಷ್ಟೋ ಅಭಿಪ್ರಾಯಗಳೂ ಅಷ್ಟೇ ಎಂಬ ಅರ್ಥದ ಹಳೆಯ ಲ್ಯಾಟಿನ್ ನುಡಿಯ ಎರಡು ಪದಗಳನ್ನು ಹಿಂದುಮುಂದಾಗಿಸಿ ಕಟ್ಟಿದ ತಮಾಷೆಯ ಹೆಸರದು. 1931ರಲ್ಲಿ ಇದನ್ನು ಹುಟ್ಟುಹಾಕಿದವರು ಸಾಲಿ ಜುಕರ್‌ಮನ್. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಲಂಡನ್ನಿನ ಮೃಗಾಲಯದಲ್ಲಿ ಕೋತಿಗಳ ಬದುಕನ್ನು ಅಭ್ಯಾಸ ಮಾಡುತ್ತಿದ್ದ ಈ ಅಂಗರಚನಾಶಾಸ್ತ್ರಜ್ಞರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಭೌತವಿಜ್ಞಾನಿ ಜೆ.ಡಿ. ಬರ್ನಾಲ್, ಜೀವವಿಜ್ಞಾನಿಗಳಾದ ಜೆ.ಬಿ.ಎಸ್. ಹಾಲ್ಡೇನ್ ಮತ್ತು ಲಾನ್ಸೆಲಾಟ್ ಹಾಗ್‌ಬೆನ್, ಗಣಿತಜ್ಞ ಹೈಮನ್ ಲೆವಿ, ಮುಂದೆ ಲೇಬರ್ ಪಕ್ಷದ ನಾಯಕರಾದ ಅರ್ಥಶಾಸ್ತ್ರಜ್ಞ ಹ್ಯೂ ಗೈಟ್ಸ್‌ಕೆಲ್ ಮುಂತಾದವರು ಸದಸ್ಯರು. ಊಟವಾದ ಮೇಲೆ ಯಾರಾದರೊಬ್ಬರು ವಿಷಯ ಮಂಡಿಸುವುದು, ಉಳಿದವರು ವಾದಕ್ಕಿಳಿಯುವುದು ವಾಡಿಕೆ.

ಕಾಲವೂ ಅಂಥದ್ದೇ ಇತ್ತು. ಆರ್ಥಿಕ ಮುಗ್ಗಟ್ಟಿನಿಂದ ಬ್ರಿಟನ್ನಿನಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡಿದ್ದರು. ಯಂತ್ರಗಳು ಇದ್ದವು, ಧಾನ್ಯ ಇತ್ತು, ಹಸಿವೂ ಇತ್ತು. ಅದೇ 1931ರಲ್ಲಿ ಲಂಡನ್ನಿನಲ್ಲಿ ನಡೆದ ವಿಜ್ಞಾನದ ಇತಿಹಾಸದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಸೋವಿಯತ್ ನಿಯೋಗವೊಂದು ಬಂದಿತ್ತು. ಅದರಲ್ಲಿದ್ದ ಬೋರಿಸ್ ಹೆಸ್ಸೆನ್, ನ್ಯೂಟನ್ನನ ಸಿದ್ಧಾಂತಗಳ ಹಿಂದೆಯೂ ಆ ಕಾಲದ ಹಡಗು, ಗಣಿ, ಫಿರಂಗಿಗಳ ಅಗತ್ಯಗಳಿದ್ದವು ಎಂದು ವಾದಿಸಿದರು. ವಿಜ್ಞಾನವೆಂದರೆ ಒಬ್ಬಂಟಿ ಮೇಧಾವಿಯ ತಪಸ್ಸು ಎಂದು ನಂಬಿದ್ದವರಿಗೆ ಇದು ಆಘಾತ. ಬರ್ನಾಲ್, ಹಾಗ್‌ಬೆನ್, ಲೆವಿ ಅವರಿಗೆ ಇದು ಹೊಸ ದಾರಿ. ಯೋಜನಾಬದ್ಧವಾಗಿ ಬಳಸಿದರೆ ವಿಜ್ಞಾನ ಬಡತನ, ರೋಗಗಳನ್ನು ನೀಗಬಲ್ಲದು ಎಂಬ ವಿಚಾರವನ್ನು ಬರ್ನಾಲ್ 1939ರಲ್ಲಿ 'ದಿ ಸೋಷಿಯಲ್ ಫಂಕ್ಷನ್ ಆಫ್ ಸೈನ್ಸ್' ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು.

ಕೆಲವು ವರ್ಷ ನಡೆದು ನಿಂತುಹೋಗಿದ್ದ ಬಳಗಕ್ಕೆ ಮತ್ತೆ ಜೀವ ಬಂದದ್ದು 1939ರಲ್ಲಿ, ಎರಡನೆಯ ಮಹಾಯುದ್ಧ ಆರಂಭವಾದಾಗ. 1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಕುಸಿಯುತ್ತಿದ್ದ ದಿನಗಳ ಒಂದು ಔತಣಕ್ಕೆ ಪೆಂಗ್ವಿನ್ ಪ್ರಕಾಶನದ ಸ್ಥಾಪಕ ಆಲನ್ ಲೇನ್ ಅತಿಥಿಯಾಗಿ ಬಂದಿದ್ದರು. ದೇಶ ಅಪಾಯದಲ್ಲಿದ್ದರೂ ಸರ್ಕಾರ ವಿಜ್ಞಾನಿಗಳನ್ನು ಸರಿಯಾಗಿ ಬಳಸಿಕೊಳ್ಳುತ್ತಿಲ್ಲ ಎಂಬುದು ಅಂದಿನ ಮಾತಿನ ತಿರುಳು. ಬರೆದುಕೊಟ್ಟರೆ ಅಚ್ಚು ಹಾಕುವುದಾಗಿ ಲೇನ್ ಒಪ್ಪಿದರು. ಸದಸ್ಯರು ಕೆಲಸ ಹಂಚಿಕೊಂಡು ಬರೆದರು. ಕೆಲವೇ ವಾರಗಳಲ್ಲಿ 'ಸೈನ್ಸ್ ಇನ್ ವಾರ್' ಎಂಬ ಅಗ್ಗದ ಪುಸ್ತಕ ಅಂಗಡಿಗೆ ಬಂತು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಬರೆದವರು 25 ವಿಜ್ಞಾನಿಗಳು ಎಂದಷ್ಟೇ ಇತ್ತು. ಆಹಾರ, ಗಾಯಾಳುಗಳ ಚಿಕಿತ್ಸೆ, ಕೈಗಾರಿಕೆ, ಯುದ್ಧತಂತ್ರ ಎಲ್ಲಕ್ಕೂ ವಿಜ್ಞಾನದ ವಿಧಾನ ಬೇಕು ಎಂಬುದು ಅದರ ಬೇಡಿಕೆ.

ಸರ್ಕಾರ ಕಿವಿಗೊಡದೆ ಇರಲಿಲ್ಲ. ಯುದ್ಧ ಸಾಗಿದಂತೆ ಬಳಗದ ಅನೇಕರು ಸರ್ಕಾರಿ ಸಲಹೆಗಾರರಾದರು. ಆದರೆ ಕಥೆಯ ಕಹಿ ಭಾಗ ಆರಂಭವಾಗುವುದೂ ಇಲ್ಲಿಂದಲೇ.

ಬಾಂಬು ಬಿದ್ದ ಊರುಗಳಲ್ಲಿ ಜನರ ಮೇಲೆ ಆಗುವ ಪರಿಣಾಮವನ್ನು ಅಳೆಯುವ ಕೆಲಸ ಜುಕರ್‌ಮನ್ ಮತ್ತು ಬರ್ನಾಲ್ ಅವರ ಪಾಲಿಗೆ ಬಂತು. ಜರ್ಮನಿಯ ದಾಳಿಗೆ ತುತ್ತಾಗಿದ್ದ ಬರ್ಮಿಂಗ್‌ಹ್ಯಾಮ್ ಮತ್ತು ಹಲ್ ನಗರಗಳಲ್ಲಿ ಅವರ ತಂಡ ಸಮೀಕ್ಷೆ ನಡೆಸಿತು. 1942ರ ಏಪ್ರಿಲ್‌ನಲ್ಲಿ ಸಿದ್ಧವಾದ ವರದಿಯ ಸಾರ ಸ್ಪಷ್ಟವಾಗಿತ್ತು: ಜನರ ಸ್ಥೈರ್ಯ ಕುಸಿದಿರುವುದಕ್ಕೆ ಪುರಾವೆ ಇಲ್ಲ.

ವರದಿ ಪೂರ್ಣಗೊಳ್ಳುವ ಮೊದಲೇ, ಮಾರ್ಚ್ 30ರಂದು, ಪ್ರಧಾನಿ ಚರ್ಚಿಲ್ಲರ ವಿಜ್ಞಾನ ಸಲಹೆಗಾರ ಲಾರ್ಡ್ ಚರ್ವೆಲ್ ಒಂದು ಟಿಪ್ಪಣಿ ಬರೆದರು. ಅದೇ ಊರುಗಳ ಅಂಕಿಅಂಶಗಳನ್ನು ಹಿಡಿದು, ಒಂದು ಟನ್ ಬಾಂಬು 100ರಿಂದ 200 ಜನರನ್ನು ಮನೆ ಇಲ್ಲದಂತೆ ಮಾಡುತ್ತದೆ ಎಂದು ಲೆಕ್ಕ ಹಾಕಿದರು. ಜರ್ಮನಿಯ 58 ದೊಡ್ಡ ನಗರಗಳ ಮೇಲೆ ಬಾಂಬು ಸುರಿದು ದೇಶದ ಮೂರನೆಯ ಒಂದು ಪಾಲು ಜನರನ್ನು ಬೀದಿಗೆ ತಳ್ಳಿದರೆ ಅವರ ಸ್ಥೈರ್ಯ ಮುರಿಯುತ್ತದೆ ಎಂಬುದು ಅವರ ತೀರ್ಮಾನ. ಅಂಕಿಗಳು ಸಮೀಕ್ಷೆಯವು, ತೀರ್ಮಾನ ಅದಕ್ಕೆ ತದ್ವಿರುದ್ಧ!

ನಗರಗಳ ಮೇಲೆ ದಾಳಿಯ ಆದೇಶ ಫೆಬ್ರವರಿಯಲ್ಲೇ ಹೊರಟಿತ್ತು. ಈ ಟಿಪ್ಪಣಿ ಅದಕ್ಕೆ ಗಣಿತದ ಊರುಗೋಲು ಕೊಟ್ಟಿತು. ಹೆನ್ರಿ ಟಿಜಾರ್ಡ್ ಮತ್ತು ಪ್ಯಾಟ್ರಿಕ್ ಬ್ಲಾಕೆಟ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಪರಿಶೀಲಿಸಿ, ಚರ್ವೆಲ್ಲರ ಅಂದಾಜು ಐದಾರು ಪಟ್ಟು ಹೆಚ್ಚೆಂದು ಎಚ್ಚರಿಸಿದರು. ಅವರ ಮಾತು ನಡೆಯಲಿಲ್ಲ. ಮರುವರ್ಷ ಜುಲೈನಲ್ಲಿ ಹ್ಯಾಂಬರ್ಗ್ ನಗರವೊಂದರಲ್ಲೇ 30 ಸಾವಿರಕ್ಕೂ ಹೆಚ್ಚು ಜನ ಸತ್ತರು. ಜರ್ಮನಿ ಶರಣಾದದ್ದು 1945ರ ಮೇ ತಿಂಗಳಲ್ಲಿ.

ಸಮೀಕ್ಷೆ ರಹಸ್ಯ ಕಡತದಲ್ಲಿದ್ದುದರಿಂದ ಜನರಿಗೆ ಎರಡನ್ನೂ ಹೋಲಿಸಿ ನೋಡುವ ಅವಕಾಶವಿರಲಿಲ್ಲ. ಲೇಖಕ ಸಿ.ಪಿ. ಸ್ನೋ 1960ರ ತಮ್ಮ ಉಪನ್ಯಾಸಗಳಲ್ಲಿ ಬಾಂಬು ದಾಳಿಯ ವಿವಾದವನ್ನು ಬಯಲಿಗೆ ತಂದರು. ತಮ್ಮ ಸಮೀಕ್ಷೆಗೆ ಒದಗಿದ ಗತಿಯನ್ನು ಜುಕರ್‌ಮನ್ 1978ರ ಆತ್ಮಕಥೆಯಲ್ಲಿ ದಾಖಲಿಸಿದರು.

ಈ ಪೀಳಿಗೆಯ ನಂಟು ಭಾರತಕ್ಕೂ ಇದೆ. ಸ್ವಾತಂತ್ರ್ಯಾನಂತರ ನೆಹರೂ ಅವರು ರಕ್ಷಣಾ ವಿಜ್ಞಾನದ ಕುರಿತು ಬ್ಲಾಕೆಟ್ಟರ ಸಲಹೆ ಪಡೆದರು. ಹಾಲ್ಡೇನ್ 1957ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು ಇಲ್ಲಿನ ಪ್ರಜೆಯೇ ಆದರು. 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಳ್ಳುವವರೆಗೂ ವಿಜ್ಞಾನ ಕ್ಷೇತ್ರದ ಅಧಿಕಾರಶಾಹಿಯನ್ನು ಬಹಿರಂಗವಾಗಿಯೇ ಟೀಕಿಸುತ್ತಿದ್ದರು.

ಟಾಟ್ಸ್ ಅಂಡ್ ಕ್ವಾಟ್ಸ್ ಬಳಗ ಕೇಳಿದ್ದು ಸರಿಯಾದದ್ದನ್ನೇ: ಆಳುವವರ ಪಕ್ಕದಲ್ಲಿ ವಿಜ್ಞಾನಕ್ಕೊಂದು ಕುರ್ಚಿ. ಕುರ್ಚಿ ಸಿಕ್ಕಿತು. ಆದರೆ ಕುರ್ಚಿ ಸಿಕ್ಕಿದಾಕ್ಷಣ ಸತ್ಯಕ್ಕೆ ಬಲ ಬರುವುದಿಲ್ಲ. ಹೋಟೆಲಿನ ಮೇಜಿನ ಸುತ್ತ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಎಲ್ಲರೆದುರು ತಿದ್ದಬಹುದಿತ್ತು. ರಹಸ್ಯ ಕಡತದೊಳಗೆ ಆ ಸೌಲಭ್ಯವಿರಲಿಲ್ಲ. ಅಣೆಕಟ್ಟಿರಲಿ, ಅಣುಸ್ಥಾವರವಿರಲಿ, ತಜ್ಞರ ವರದಿಯನ್ನು ಆಧಾರವಾಗಿಸಿ ಸರ್ಕಾರವೊಂದು ಹೆಜ್ಜೆ ಇಡುವಾಗ ಜನ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ವರದಿ ನಿಜವಾಗಿ ಹೇಳಿದ್ದೇನು, ಅದನ್ನು ನಾವೂ ಓದಬಹುದೇ?